ಲೂಸಿ ಕಿವಿಗೊಟ್ಟಾಗ: ‘ಲಾಕ್‌ವುಡ್ ಅಂಡ್ ಕೋ.’ ಸರಣಿಯ ಬಗ್ಗೆ ಮಾತುಕತೆ

ರಾತ್ರಿದೀಪ

ಜೊನಾಥನ್ ಸ್ಟ್ರೌಡ್ ಅವರ ‘ಲಾಕ್‌ವುಡ್ ಅಂಡ್ ಕೋ.’ ಸರಣಿಯನ್ನು ಮೂರನೆಯ ಸಲ ಓದಿ ಮುಗಿಸಿದೆ. 2013ರಲ್ಲಿ ‘ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್’ ಬಂತು. ಆಮೇಲೆ ವರ್ಷಕ್ಕೊಂದರಂತೆ ‘ದಿ ವಿಸ್ಪರಿಂಗ್ ಸ್ಕಲ್’, ‘ದಿ ಹಾಲೋ ಬಾಯ್’, ‘ದಿ ಕ್ರೀಪಿಂಗ್ ಶ್ಯಾಡೋ’ ಬಂದವು. 2017ರಲ್ಲಿ ‘ದಿ ಎಂಪ್ಟಿ ಗ್ರೇವ್’ ಬಂದು ಕಥೆ ಮುಗಿಯಿತು. ಮೊದಲ ಸಲ ಓದಿದಾಗ ಮುಂದೇನಾಗುತ್ತದೆ ಎಂಬ ಧಾವಂತದಲ್ಲಿ ಪುಟ ತಿರುಗಿಸಿದ್ದೆ. ಎರಡನೆಯ ಸಲ, ಪ್ರೇತಗಳನ್ನು ಓಡಿಸುವ ಪುಟ್ಟ ಸಂಸ್ಥೆಯೊಂದನ್ನು ನಡೆಸುವ ಹುಡುಗ ಲಾಕ್‌ವುಡ್‌ನ ಹಿಂದೆ ಬಿದ್ದಿದ್ದೆ. ಈ ಸಲ ನಾನು ಓದಿದ್ದು ಅವನ ಸಂಸ್ಥೆಗೆ ಸೇರುವ ಹುಡುಗಿ, ಕಥೆ ಹೇಳುವ ಲೂಸಿ ಕಾರ್ಲೈಲ್‌ಳ ಕಿವಿಯ ಕಥೆಯನ್ನು. ಅದರ ಬಗ್ಗೆ ಬರೆಯದೆ ಇರಲು ಆಗುತ್ತಿಲ್ಲ. ಕಥೆಯ ಗುಟ್ಟುಗಳು ಬರುತ್ತವೆ, ಓದದವರು ದಯವಿಟ್ಟು ಮೊದಲ ಪುಸ್ತಕವನ್ನಾದರೂ ಮುಗಿಸಿ ಬನ್ನಿ.

ಲಂಡನ್ ನಮಗೆ ಗೊತ್ತಿರುವ ಲಂಡನ್ನೇ, ಆದರೆ ಐವತ್ತು ವರ್ಷಗಳಿಂದ ಅಲ್ಲಿ ಸತ್ತವರು ಸುಮ್ಮನೆ ಮಲಗುತ್ತಿಲ್ಲ. ಕತ್ತಲಾದ ಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಬೀದಿಗಳಲ್ಲಿ ಪ್ರೇತದೀಪಗಳು ಉರಿಯುತ್ತವೆ, ಮನೆಗಳ ಮುಂದೆ ಲ್ಯಾವೆಂಡರ್ ಬೆಳೆಸುತ್ತಾರೆ, ಹೊಸ್ತಿಲಿಗೆ ಕಬ್ಬಿಣ ಬಡಿಯುತ್ತಾರೆ. ಪ್ರೇತ ಮುಟ್ಟಿದರೆ ಮೈ ನೀಲಿಗಟ್ಟಿ ಊದಿಕೊಂಡು ಜೀವ ಹೋಗುತ್ತದೆ. ಆ ಪ್ರೇತಗಳು ದೊಡ್ಡವರಿಗೆ ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಅವುಗಳನ್ನು ಸರಿಯಾಗಿ ಅರಿಯಬಲ್ಲವರು ಮಕ್ಕಳು ಮಾತ್ರ. ಹಾಗಾಗಿ ಸಪೂರ ಕತ್ತಿ, ಉಪ್ಪಿನ ಬಾಂಬು, ಮೆಗ್ನೀಸಿಯಂ ಸಿಡಿಮದ್ದು, ಕಬ್ಬಿಣದ ಸರಪಳಿ ಹೊತ್ತು ರಾತ್ರಿಯ ಮನೆಗಳೊಳಗೆ ಹೋಗುವವರೂ ಮಕ್ಕಳೇ.

ಲಾಕ್‌ವುಡ್‌ನದು ಕಣ್ಣು. ಸಾವು ನಡೆದ ಜಾಗದಲ್ಲಿ ಉಳಿದ ಹೊಳಪು ಅವನಿಗೆ ಕಾಣುತ್ತದೆ. ಲೂಸಿಯದು ಕಿವಿ, ಜೊತೆಗೆ ಬೆರಳು. ವಸ್ತುವೊಂದನ್ನು ಮುಟ್ಟಿದರೆ ಅದನ್ನು ಬಳಸಿದವರ ಸುಖದುಃಖ ಅವಳ ಮೈಯೊಳಗೆ ಹರಿದುಬರುತ್ತದೆ. ಮೊದಲ ಪುಸ್ತಕದ ಶೀನ್ ರೋಡ್‌ನ ಮನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಗೋಡೆಯ ಹಿಂದೆ ಒಂದು ಹುಡುಗಿಯ ದೇಹ ಸಿಗುತ್ತದೆ. ಅವಳು ಆನಿ ವಾರ್ಡ್, ಸುಮಾರು ಅರ್ಧ ಶತಮಾನದ ಹಿಂದೆ ಕಾಣೆಯಾದವಳು. ಯಾರೂ ಅವಳನ್ನು ಹುಡುಕಿ ಆ ಗೋಡೆಯವರೆಗೆ ಬಂದಿರಲಿಲ್ಲ. ಲೂಸಿ ಅವಳ ಕೊರಳಿನ ಪದಕವನ್ನು ಮುಟ್ಟುತ್ತಾಳೆ, ಅವಳ ಪ್ರೀತಿ, ಅವಳ ಕೋಪ, ಅವಳ ಕೊನೆಯ ದಿಗಿಲು ಎಲ್ಲವೂ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಆನಿ ಲೂಸಿಗೆ ಬರೀ ‘ಎರಡನೆಯ ಬಗೆಯ ಪ್ರೇತ’ವಾಗಿ, ಅಂದರೆ ಅಪಾಯಕಾರಿ ಪ್ರೇತವಾಗಿ, ಉಳಿಯುವುದಿಲ್ಲ. ಅನ್ಯಾಯಕ್ಕೆ ಒಳಗಾದ ಒಬ್ಬಳು ಹೆಣ್ಣುಮಗಳಾಗುತ್ತಾಳೆ.

ಪುಸ್ತಕದ ಕೊನೆಗೆ ಕೋಂಬ್ ಕೇರಿ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಆನಿಯ ಕೊಲೆಗಾರ ಎದುರಿಗೆ ನಿಂತಾಗ ಲೂಸಿ ಮಾಡುವುದೇನು? ಆನಿಯ ಪ್ರೇತ ಅಂಟಿಕೊಂಡಿದ್ದ ಆ ಪದಕವನ್ನು, ಪ್ರೇತವನ್ನು ಕಟ್ಟಿಹಾಕುವ ಬೆಳ್ಳಿಗಾಜಿನ ಡಬ್ಬಿಯಿಂದ ಬಿಡುಗಡೆ ಮಾಡುತ್ತಾಳೆ. ಸತ್ತವಳಿಗೆ ತನ್ನ ಮಾತನ್ನು ತಾನೇ ಹೇಳಿಕೊಳ್ಳಲು ಅವಕಾಶ ಕೊಡುತ್ತಾಳೆ. ಆ ಪುಟದಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಐದು ಪುಸ್ತಕಗಳ ಬೆನ್ನೆಲುಬು ಇದೇ ಎಂದು ನನ್ನ ನಂಬಿಕೆ. ಎಲ್ಲರೂ ಸತ್ತವರನ್ನು ಓಡಿಸುವುದನ್ನು ಕಲಿತಿದ್ದಾರೆ. ಒಬ್ಬಳು ಕೇಳಿಸಿಕೊಳ್ಳುವುದನ್ನು ಕಲಿಯುತ್ತಾಳೆ. ನಿಮಗೆ ಹೇಗನ್ನಿಸಿದೆ?

ಕಪಾಟಿನ ಮೂಲೆ

ಆನಿ ವಾರ್ಡ್ ಬಗ್ಗೆ ಬರೆದದ್ದನ್ನು ಓದಿ ಆ ಅಧ್ಯಾಯಕ್ಕೆ ಹಿಂದಿರುಗಿ ಹೋದೆ. ಆ ಇಡೀ ರಾತ್ರಿಯ ಅನಾಹುತಕ್ಕೆ ಕಾರಣ ಏನು ಎಂಬುದನ್ನೂ ಸೇರಿಸಬೇಕು. ಸಂಸ್ಥೆಯ ಮೂರನೆಯವನಾದ ಜಾರ್ಜ್ ಕಬಿನ್ಸ್ ಆ ಮನೆಯ ಹಳೆಯ ದಾಖಲೆಗಳನ್ನು ಇನ್ನೂ ಹುಡುಕುತ್ತಿರುವಾಗಲೇ ಲಾಕ್‌ವುಡ್ ಮತ್ತು ಲೂಸಿ ಹೊರಟುಬಿಡುತ್ತಾರೆ. ಕಬ್ಬಿಣದ ಸರಪಳಿಯೂ ಕೈಯಲ್ಲಿ ಇರುವುದಿಲ್ಲ. ಕೊನೆಗೆ ಮನೆಗೆ ಬೆಂಕಿ ಬೀಳುತ್ತದೆ, 60,000 ಪೌಂಡ್ ಪರಿಹಾರ ಕಟ್ಟಬೇಕಾಗುತ್ತದೆ.

ಕೇಳಿಸಿಕೊಳ್ಳುವುದು ಎಂದರೆ ಸತ್ತವರ ಕೂಗಿಗೆ ಕಿವಿಗೊಡುವುದಷ್ಟೇ ಆಗಬಾರದು. ಪತ್ರಾಗಾರದಲ್ಲಿ ಕುಳಿತು ಹಳೆಯ ಪತ್ರಿಕೆಗಳ ಪುಟ ಮಗುಚುವುದೂ ಕೇಳಿಸಿಕೊಳ್ಳುವುದೇ. ಈ ಕೆಲಸವನ್ನು ಜಾರ್ಜ್ ಮಾಡುತ್ತಾನೆ. ಅವನಿಗೆ ಹೆಚ್ಚಿನ ಅತೀಂದ್ರಿಯ ಶಕ್ತಿ ಇಲ್ಲ, ಕತ್ತಿ ಹಿಡಿದರೆ ನೋಡುವ ಹಾಗಿಲ್ಲ. ಆದರೆ ಆ ಮನೆಯಲ್ಲಿ ಯಾರಿದ್ದರು, ಯಾವಾಗ ಸತ್ತರು, ಯಾರು ಸುಳ್ಳು ಹೇಳಿದರು ಎಂಬುದನ್ನು ಅವನು ಕಾಗದದಿಂದ ಹೊರತೆಗೆಯುತ್ತಾನೆ. ಎಳೆಯರ ಸಾಹಸ ಕಥೆಗಳಲ್ಲಿ ಓದುವ ಹುಡುಗನಿಗೆ ಇಷ್ಟು ಗೌರವದ ಜಾಗ ಕೊಟ್ಟದ್ದನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಮೂವರೂ ವಾಸಿಸುವ ಪೋರ್ಟ್‌ಲ್ಯಾಂಡ್ ರೋ, ಮನೆ ಸಂಖ್ಯೆ 35ರ ಅಡುಗೆಮನೆಯ ಮೇಜಿನ ಮೇಲೆ ಹಾಸಿರುವ ಆ ಬಿಳಿ ಬಟ್ಟೆ ನನಗೆ ಬಹಳ ಇಷ್ಟ. ‘ಆಲೋಚನೆಯ ಬಟ್ಟೆ’. ತಿಂಡಿ ತಿನ್ನುತ್ತಲೇ ಅದರ ಮೇಲೆ ಪ್ರಕರಣದ ಟಿಪ್ಪಣಿ, ಮನೆಯ ನಕ್ಷೆ, ಒಬ್ಬರಿಗೊಬ್ಬರು ಬಿಟ್ಟುಹೋದ ಸಂದೇಶ, ಗೀಚಿದ ಚಿತ್ರ ಎಲ್ಲವೂ ತುಂಬಿಕೊಳ್ಳುತ್ತವೆ. ಬಿಸ್ಕತ್ತಿನ ನಿಯಮ ಮರೆಯುವ ಹಾಗೆಯೇ ಇಲ್ಲ: ಒಬ್ಬರಿಗೆ ಒಂದು ಸಲಕ್ಕೆ ಒಂದೇ, ಸರದಿ ತಪ್ಪುವಂತಿಲ್ಲ. ರಾತ್ರಿ ಸಾವಿನ ಬಾಯಿಂದ ಬಂದ ಮಕ್ಕಳು ಬೆಳಿಗ್ಗೆ ಬಿಸ್ಕತ್ತಿನ ಸರದಿಯ ಬಗ್ಗೆ ಗಂಭೀರವಾಗಿ ವಾದಿಸುತ್ತಾರೆ. ಆ ಮೇಜಿನ ಸುತ್ತ ಕುಳಿತಾಗ ಅವರು ಎಷ್ಟು ಚಿಕ್ಕವರು ಎಂಬುದು ನೆನಪಾಗಿ ನನಗೆ ಸಂಕಟವಾಗುತ್ತದೆ.

ಉಪ್ಪು-ಕಬ್ಬಿಣ

ರಾತ್ರಿದೀಪ ಅವರೇ, ನಿಮ್ಮ ಮಾತು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ಲೂಸಿಯ ಕಿವಿಗೊಡುವ ಗುಣವನ್ನು ನೀವು ವರವೆಂದೇ ನೋಡುತ್ತಿದ್ದೀರಿ. ಮೂರನೆಯ ಪುಸ್ತಕವನ್ನು ಇನ್ನೊಮ್ಮೆ ತೆಗೆದು ನೋಡಿ.

ಹ್ಯಾನೋವರ್ ಸ್ಕ್ವೇರ್‌ನ ಆ ಮನೆಯ ಮೆಟ್ಟಿಲ ಮೇಲೆ ರಾತ್ರಿಯಾದರೆ ರಕ್ತದ ಹೆಜ್ಜೆಗಳು ಮೂಡುತ್ತವೆ. ಅಲ್ಲಿ ಲೂಸಿ ಪ್ರೇತದ ಜೊತೆ ಸಂಪರ್ಕ ಸಾಧಿಸಲು ಹೋಗಿ ತನ್ನನ್ನೂ ಜೊತೆಗಾರರನ್ನೂ ಅಪಾಯಕ್ಕೆ ಒಡ್ಡುತ್ತಾಳೆ. ಲಾಕ್‌ವುಡ್ ಎಚ್ಚರಿಸುವುದು ಸುಮ್ಮನೆ ಅಲ್ಲ. ಕತ್ತಿ ಕೆಳಗಿಳಿಸಿ ಕಿವಿಗೊಟ್ಟರೆ ಎದುರಿಗಿರುವ ಪ್ರೇತವೂ ಕತ್ತಿ ಕೆಳಗಿಳಿಸುತ್ತದೆ ಎಂಬ ಖಾತರಿ ಎಲ್ಲಿದೆ? ಸತ್ತವರೆಲ್ಲ ಆನಿ ವಾರ್ಡ್‌ಗಳಲ್ಲ. ನಾಲ್ಕನೆಯ ಪುಸ್ತಕದಲ್ಲಿ ಈಲಿಂಗ್‌ನ ನರಭಕ್ಷಕ ಬರುತ್ತಾನಲ್ಲ, ಅವನ ಮನೆಯ ಅಡುಗೆಕೋಣೆಯಲ್ಲಿ ನಿಂತು ಯಾರು ತಾನೇ ಕರುಣೆಯ ಮಾತಾಡುತ್ತಾರೆ?

ಐಕ್‌ಮಿಯರ್ ಮಳಿಗೆಯ ಪ್ರಸಂಗವಂತೂ ನನ್ನ ವಾದಕ್ಕೆ ನೇರ ಸಾಕ್ಷಿ. ಹಾಲಿ ಮನ್ರೋ ಹೊಸದಾಗಿ ಬಂದು ಸೇರಿದ್ದಾಳೆ. ಅವಳ ಅಚ್ಚುಕಟ್ಟುತನ ಲೂಸಿಗೆ ಸಹಿಸಲು ಆಗುತ್ತಿಲ್ಲ. ಹಳೆಯ ಸೆರೆಮನೆಯ ನೆಲದ ಮೇಲೆ ಕಟ್ಟಿದ ಆ ಮಳಿಗೆಯಲ್ಲಿ ನಡುರಾತ್ರಿ ಇಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಪ್ರೇತಗಳು ಸಿಟ್ಟನ್ನೂ ಸಂಕಟವನ್ನೂ ತಿಂದು ಬಲಿಯುತ್ತವೆ ಎಂದು ಈ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಆದರೂ ಮಾತು ಬೆಳೆಯುತ್ತದೆ, ಸುತ್ತಲಿನ ಸಾಮಾನುಗಳು ಅಲುಗಾಡತೊಡಗುತ್ತವೆ, ಮುಂದೆ ಇಡೀ ಮಳಿಗೆಯೇ ಎದ್ದು ಕುಣಿಯುತ್ತದೆ. ಮನಸ್ಸು ಇಷ್ಟು ತೆರೆದಿರುವವಳು ಅಪಾಯವನ್ನೂ ಹೊತ್ತು ತಿರುಗುತ್ತಾಳೆ. ಸ್ಟ್ರೌಡ್ ಇದನ್ನು ಮುಚ್ಚಿಡಲಿಲ್ಲ. ಅದಕ್ಕಾಗಿಯೇ ನನಗೆ ಅವರ ಮೇಲೆ ಗೌರವ.

ರಾತ್ರಿದೀಪ

ಉಪ್ಪು-ಕಬ್ಬಿಣ ಅವರೇ, ನೀವು ಹೇಳಿದ್ದು ಸರಿ, ನನ್ನ ಮೊದಲ ಬರಹದಲ್ಲಿ ಅದು ಬರಬೇಕಿತ್ತು. ಮೂರನೆಯ ಪುಸ್ತಕದ ಕೊನೆಯಲ್ಲಿ ಲೂಸಿ ಮನೆ ಬಿಟ್ಟು ಹೋಗುವುದೂ ಇದೇ ಕಾರಣಕ್ಕೆ. ಮನಸ್ಸಿನಲ್ಲಿರುವವರ ರೂಪವನ್ನು ಕದಿಯುವ ಪ್ರೇತವೊಂದು ಲಾಕ್‌ವುಡ್‌ನ ಮುಖ ಹೊತ್ತು ಅವಳೆದುರು ನಿಲ್ಲುತ್ತದೆ. ತನ್ನಿಂದಾಗಿ ಅವನು ಸಾಯುತ್ತಾನೆ ಎಂಬ ಭಯ ಅವಳೊಳಗೆ ಗಟ್ಟಿಯಾಗಿ ಕೂರುತ್ತದೆ. ಪುಸ್ತಕದ ಹೆಸರು ಅಲ್ಲಿಂದಲೇ ಬಂದದ್ದು.

ಆದರೆ ಒಂದು ಪ್ರಶ್ನೆ. ಲೂಸಿ ಕಿವಿಗೊಟ್ಟದ್ದರಿಂದ ಆದ ಅನಾಹುತಗಳನ್ನು ಎಣಿಸಿದಿರಿ, ದೊಡ್ಡವರು ಕಿವಿಗೊಡದೆ ಆದದ್ದನ್ನು? ಲಂಡನ್ನಿಗೆ ಬರುವ ಮೊದಲು ಉತ್ತರದ ಊರಿನಲ್ಲಿ ಅವಳ ಮೇಲ್ವಿಚಾರಕನಾಗಿದ್ದ ಜೇಕಬ್ಸ್‌ನನ್ನು ನೆನಪಿಸಿಕೊಳ್ಳಿ. ಗಿರಣಿಯೊಳಗೆ ಏನೋ ಬಹಳ ಕೆಟ್ಟದ್ದಿದೆ ಎಂದು ಅವಳಿಗೆ ಅನ್ನಿಸಿತ್ತು. ಹೊರಗಿದ್ದ ದೊಡ್ಡ ಮನುಷ್ಯ ಲೆಕ್ಕಿಸಲಿಲ್ಲ. ಅವಳು ತನ್ನ ಅನುಮಾನವನ್ನು ನಂಬದೆ ಅವನ ಮಾತಿಗೆ ತಲೆಬಾಗಿದಳು. ಜೊತೆಗಿದ್ದ ಮಕ್ಕಳು ಸತ್ತರು. ಆಮೇಲೆ ನಡೆದ ವಿಚಾರಣೆಯಲ್ಲೂ ಅವಳ ಮಾತಿಗೆ ಬೆಲೆ ಸಿಗಲಿಲ್ಲ. ಒಂಟಿಯಾಗಿ ಲಂಡನ್ನಿನ ರೈಲು ಹತ್ತುವ ಹುಡುಗಿಯ ಬೆನ್ನ ಮೇಲೆ ಈ ಭಾರವಿದೆ. ತನ್ನ ಕಿವಿಯನ್ನು ಇನ್ನು ಮುಂದೆ ಯಾರೂ ಅಲ್ಲಗಳೆಯಬಾರದು ಎಂಬ ಹಟ ಅವಳಿಗೆ ಎಲ್ಲಿಂದ ಬಂತು ಎಂಬುದು ಗೊತ್ತಾದ ಮೇಲೆ ಹ್ಯಾನೋವರ್ ಸ್ಕ್ವೇರ್‌ನಲ್ಲಿ ಅವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಮಲಗುವ ಹೊತ್ತಿನ ಓದು

ನನ್ನ ಮಗಳಿಗೆ ಹನ್ನೊಂದು ವರ್ಷ. ಮೊದಲ ಪುಸ್ತಕವನ್ನು ಇಬ್ಬರೂ ಸೇರಿ ಓದಿದೆವು, ಒಂದು ಪುಟ ಅವಳು, ಒಂದು ಪುಟ ನಾನು. ದೆವ್ವ ಬಂದಾಗ ಹೆದರುತ್ತಾಳೆ ಎಂದುಕೊಂಡಿದ್ದೆ. ಅಲ್ಲೇನೂ ಆಗಲಿಲ್ಲ. ಅವಳು ಪುಸ್ತಕ ಮಡಿಸಿದ್ದು ಬೇರೊಂದು ಜಾಗದಲ್ಲಿ. ರಾತ್ರಿ ಕಾವಲಿಗೆ ನಿಲ್ಲುವ ಚಿಕ್ಕ ಮಕ್ಕಳ ವಿಷಯ ಬಂದಾಗ “ಅವರ ಅಮ್ಮಂದಿರು ಎಲ್ಲಿದ್ದಾರೆ?” ಎಂದು ಕೇಳಿದಳು.

“ಮನೆಯೊಳಗಿದ್ದಾರೆ” ಎಂದೆ. ಅದು ಪುಸ್ತಕ ಕೊಡುವ ಉತ್ತರ. ನನಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ದೊಡ್ಡವರು ಕೆಟ್ಟವರೆಂದಲ್ಲ, ಅವರಿಗೆ ಕಾಣುವುದಿಲ್ಲ ಅಷ್ಟೇ. ಆದರೆ ಕಾಣದವರೇ ಸಂಸ್ಥೆಗಳನ್ನು ನಡೆಸುತ್ತಾರೆ, ಹಣ ಎಣಿಸುತ್ತಾರೆ, ಮಕ್ಕಳ ಹಿಂದೆ ಸುರಕ್ಷಿತ ದೂರದಲ್ಲಿ ನಿಂತು ಅಪ್ಪಣೆ ಕೊಡುತ್ತಾರೆ. ಲಾಕ್‌ವುಡ್‌ನ ಸಂಸ್ಥೆಯಲ್ಲಿ ಮಾತ್ರ ಮೇಲ್ವಿಚಾರಕರಾಗಿ ದೊಡ್ಡವರಿಲ್ಲ. ಅದೇ ಅವರ ಹೆಮ್ಮೆ, ಅದೇ ಅವರ ಅಪಾಯ. ಈ ಏರ್ಪಾಟನ್ನು ಲೇಖಕರು ಎಲ್ಲಿಯೂ ಭಾಷಣವಾಗಿ ಟೀಕಿಸುವುದಿಲ್ಲ. ಮಕ್ಕಳಿಗೆ ಅದು ದಿನನಿತ್ಯದ ಸಂಗತಿ ಎಂಬಂತೆ ಹೇಳುತ್ತಾ ಹೋಗುತ್ತಾರೆ. ಓದುವ ಮಗುವೇ ಗಮನಿಸಿ ಕೇಳಬೇಕು. ನನ್ನ ಮಗಳು ಕೇಳಿದಳು.

ಇನ್ನೂ ಚಿಕ್ಕ ಮಕ್ಕಳಿಗೆ ಓದಲು ಕೊಡಬಹುದೇ ಎಂದು ನನ್ನನ್ನು ಕೇಳಿದರೆ, ಮೊದಲ ಪುಸ್ತಕವನ್ನು ಜೊತೆಗೆ ಕುಳಿತು ಓದಿ ಎನ್ನುತ್ತೇನೆ. ಮುಂದಿನವುಗಳಲ್ಲಿ ಬರುವ ಕೆಲವು ಪ್ರೇತಗಳು, ಅದರಲ್ಲೂ ನಾಲ್ಕನೆಯದರ ನರಭಕ್ಷಕ, ಎಲ್ಲ ಮಕ್ಕಳಿಗೂ ಆಗಿಬರುವುದಿಲ್ಲ.

ಹಸಿರು ಮಂಜು

ಬುರುಡೆಯ ಬಗ್ಗೆ ಇನ್ನೂ ಯಾರೂ ಮಾತೆತ್ತದೆ ಇರುವುದು ನನಗೆ ಆಶ್ಚರ್ಯ! ಇಡೀ ಸರಣಿಯಲ್ಲಿ ನನ್ನ ಅಚ್ಚುಮೆಚ್ಚಿನ ಪಾತ್ರ ಅದು.

ಗಾಜಿನ ಭರಣಿಯೊಳಗೆ ಕೊಳಕು ಹಸಿರು ಮಂಜು, ಅದರ ನಡುವೆ ತಲೆಬುರುಡೆ, ಮಂಜಿನಲ್ಲಿ ಆಗಾಗ ಮೂಡುವ ವಿಕಾರ ಮುಖ. ಪ್ರೇತಗಳನ್ನು ಓಡಿಸುವ ದೊಡ್ಡ ಸಂಸ್ಥೆಯಾದ ಫಿಟ್ಸ್‌ನಿಂದ ಜಾರ್ಜ್ ಕದ್ದು ತಂದದ್ದು. ಅವನು ಅದರ ಮೇಲೆ ಏನೆಲ್ಲ ಪ್ರಯೋಗ ಮಾಡಿದರೂ ಅದು ತುಟಿ ಬಿಚ್ಚುವುದಿಲ್ಲ. ಮೊದಲ ಪುಸ್ತಕದ ಕೊನೆಯಲ್ಲಿ ಮುಚ್ಚಳದ ಕವಾಟ ತಿರುಗಿದಾಗ ಅದು ಲೂಸಿಯ ಜೊತೆ ಮಾತನಾಡುತ್ತದೆ. ಮಾತನಾಡಬಲ್ಲ ಮೂರನೆಯ ಬಗೆಯ ಪ್ರೇತ ಅದು. ಅಂಥದ್ದರ ಜೊತೆ ಹಿಂದೆ ಮಾತನಾಡಿದವಳು ಆ ಸಂಸ್ಥೆಯನ್ನು ಕಟ್ಟಿದ ಮರಿಸಾ ಫಿಟ್ಸ್ ಒಬ್ಬಳೇ ಎಂದು ಎಲ್ಲರೂ ನಂಬಿರುತ್ತಾರೆ.

ಬುರುಡೆ ಒಳ್ಳೆಯದೆಂದು ಯಾರೂ ಹೇಳಲಾರರು. ಬೈಯುತ್ತದೆ, ಚುಚ್ಚುತ್ತದೆ, ಜೊತೆಗಾರರ ಮೇಲೆ ಚಾಡಿ ಹೇಳುತ್ತದೆ, ಅರ್ಧ ಸತ್ಯ ಹೇಳಿ ಮಿಕ್ಕರ್ಧ ನುಂಗುತ್ತದೆ. ಆದರೆ ಲೂಸಿ ಮನೆ ಬಿಟ್ಟು ಟೂಟಿಂಗ್‌ನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಗ ಜೊತೆಗಿದ್ದದ್ದು ಅದೇ ಅಲ್ಲವೇ? ಇಬ್ಬರೂ ದಿನವಿಡೀ ಕಿತ್ತಾಡುತ್ತಾರೆ. ಹಾಗೆ ಕಿತ್ತಾಡಲು ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದಿರಬೇಕು. ಬಹುಕಾಲ ಯಾರಿಗೂ ಕೇಳಿಸದೆ ಇದ್ದವನಿಗೆ, ಎದುರುತ್ತರ ಕೊಡುವ ಒಬ್ಬಳು ಸಿಕ್ಕಿದಳು. ಅವಳು ಅವನನ್ನು ನಂಬಲಿಲ್ಲ, ಭರಣಿಯ ಮುಚ್ಚಳ ತೆರೆಯಲಿಲ್ಲ, ಆದರೆ ಮಾತನ್ನು ಅರ್ಧಕ್ಕೆ ಬಿಡಲಿಲ್ಲ. ರಾತ್ರಿದೀಪ ಮತ್ತು ಉಪ್ಪು-ಕಬ್ಬಿಣ ಇಬ್ಬರ ವಾದಕ್ಕೂ ಇಲ್ಲಿ ಜಾಗವಿದೆ. ಕಿವಿಗೊಡು, ಆದರೆ ಗಾಜು ಒಡೆಯಬೇಡ. ಕೊನೆಯ ಪುಸ್ತಕದಲ್ಲಿ ಅವಳು ಆ ಗಾಜನ್ನೂ ಒಡೆಯುತ್ತಾಳೆ. ಬೇರೆ ದಾರಿಯೇ ಇರುವುದಿಲ್ಲ, ಅವನು ತನ್ನನ್ನೇ ಕೊಲ್ಲಬಹುದು ಎಂದೂ ಅವಳಿಗೆ ಗೊತ್ತು. ಅಲ್ಲಿಯವರೆಗೆ ಹೆಚ್ಚಾಗಿ ಬುರುಡೆಯನ್ನೇ ನೋಡಿದ ನಮಗೆ ಅಲ್ಲಿ ಒಬ್ಬ ತೆಳ್ಳನೆಯ, ಕೆದರಿದ ಕೂದಲಿನ ಹುಡುಗ ಕಾಣಿಸುತ್ತಾನೆ. ಅವನೂ ಹುಡುಗನೇ ಆಗಿದ್ದ ಎಂಬುದು ನನಗೆ ಹೊಳೆದೇ ಇರಲಿಲ್ಲ. ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕೋಣೆಯಲ್ಲಿ ಓಡಾಡಿದೆ.

ಅವನ ಹೆಸರು ಕೊನೆಗೂ ನಮಗೆ ತಿಳಿಯುವುದಿಲ್ಲ. ಅದು ಹಾಗೇ ಇರಲಿ ಎಂದೇ ನನ್ನ ಆಸೆ.

ಪದಕೋಶ

ಸ್ವಲ್ಪ ಬೇರೆ ದಾರಿ ಹಿಡಿಯುತ್ತೇನೆ, ಕ್ಷಮಿಸಿ. ಈ ಪುಸ್ತಕಗಳ ಕೊನೆಯಲ್ಲಿ ಪದಗಳ ಅರ್ಥಪಟ್ಟಿ ಇದೆಯಲ್ಲ, ಅದನ್ನು ಕನ್ನಡದಲ್ಲಿ ಹೇಳುವುದಾದರೆ ಹೇಗೆ ಎಂದು ಓದುವಾಗಲೆಲ್ಲ ಯೋಚಿಸುತ್ತೇನೆ.

ಇಂಗ್ಲಿಷಿನಲ್ಲಿ ಇಡೀ ವಿಪತ್ತಿಗೆ ‘ದಿ ಪ್ರಾಬ್ಲಮ್’ ಎಂದಷ್ಟೇ ಹೆಸರು. ‘ಸಮಸ್ಯೆ’ ಎಂದರೆ ಲೆಕ್ಕದ ಪುಸ್ತಕದ ವಾಸನೆ ಬರುತ್ತದೆ. ನಾನು ‘ಕಾಟ’ ಎನ್ನುತ್ತೇನೆ. ‘ಕಾಟ ಶುರುವಾಗಿ ಐವತ್ತು ವರ್ಷವಾಯಿತು’ ಎಂದರೆ ಬೇರೆ ವಿವರಣೆ ಬೇಕೇ? ಪ್ರೇತ ಯಾವ ವಸ್ತುವಿಗೆ ಅಂಟಿಕೊಂಡಿದೆಯೋ ಅದನ್ನು ಅಲ್ಲಿ ‘ಸೋರ್ಸ್’ ಎನ್ನುತ್ತಾರೆ. ‘ಮೂಲ’ ಸರಿಹೋಗುತ್ತದೆ, ಆದರೆ ನನಗೆ ‘ನೆಲೆ’ ಹೆಚ್ಚು ಹಿಡಿಸಿದೆ. ಮೂಳೆಯಿರಲಿ, ಉಂಗುರವಿರಲಿ, ಕುರ್ಚಿಯಿರಲಿ, ಅದನ್ನು ಹುಡುಕಿ ಬೆಳ್ಳಿಯಿಂದ ಮುಚ್ಚಬೇಕು, ಆಮೇಲೆ ಕ್ಲರ್ಕನ್‌ವೆಲ್‌ನ ಕುಲುಮೆಗೆ ಒಯ್ದು ಸುಡಬೇಕು. ‘ನೆಲೆ ತಪ್ಪಿಸುವುದು’ ಎಂಬ ನಮ್ಮ ಮಾತು ಆ ಕೆಲಸಕ್ಕೆ ಎಷ್ಟು ಒಪ್ಪುತ್ತದೆ ನೋಡಿ.

ಪ್ರೇತ ಸಮೀಪಿಸುವ ಮುನ್ನ ನಾಲ್ಕು ಸೂಚನೆಗಳು. ಮೊದಲು ಚಳಿ. ಆಮೇಲೆ ದುರ್ನಾತ, ಅದನ್ನು ‘ಕಮಟು’ ಎನ್ನಬಹುದು. ಏನು ಮಾಡಿದರೂ ಪ್ರಯೋಜನವಿಲ್ಲ ಎನ್ನಿಸುವ ಆ ಭಾರಕ್ಕೆ ‘ಮಂಕು’ ಎಂಬ ಪದ ಕಾದು ಕುಳಿತಂತಿದೆ. ನಾಲ್ಕನೆಯದು ಕಾರಣವಿಲ್ಲದೆ ಬೆನ್ನ ಮೇಲೆ ಹರಿದುಬರುವ ಭಯ. ಇದಕ್ಕೆ ಒಂದೇ ಪದ ನನಗಿನ್ನೂ ದಕ್ಕಿಲ್ಲ. ಪ್ರೇತದೆದುರು ಕೈಕಾಲು ಆಡದೆ ನಿಂತುಬಿಡುವ ಸ್ಥಿತಿಗೆ ‘ದಿಗ್ಬಂಧನ’. ಯಾರಾದರೂ ಈ ಐದು ಪುಸ್ತಕಗಳನ್ನು ಕನ್ನಡಕ್ಕೆ ತರಬೇಕು ಎಂದು ನನಗೆ ಬಹಳ ಆಸೆ.

ಕಪಾಟಿನ ಮೂಲೆ

ಪದಕೋಶ ಅವರೇ, ‘ಕಾಟ’ ಅದ್ಭುತ! ನಾಲ್ಕನೆಯದಕ್ಕೆ ‘ಅಳುಕು’ ಆಗಬಹುದೇ? ಅಳುಕು ಒಳಗಿನಿಂದ ಏಳುತ್ತದೆ, ಯಾರೂ ಹೆದರಿಸಬೇಕಿಲ್ಲ.

ಪದಕೋಶ

ಅಳುಕು! ಅದೇ. ಚಳಿ, ಕಮಟು, ಮಂಕು, ಅಳುಕು. ಬಹಳ ಧನ್ಯವಾದ.

ಪರದೆಯಿಂದ ಪುಟಕ್ಕೆ

ನಾನು ಪುಸ್ತಕಕ್ಕೆ ಬಂದದ್ದು ಧಾರಾವಾಹಿಯ ದಾರಿಯಿಂದ. 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಎಂಟು ಕಂತುಗಳು ಬಂದವು. ಜೋ ಕಾರ್ನಿಶ್ ಅವರ ಸಾರಥ್ಯ, ಲೂಸಿಯಾಗಿ ರೂಬಿ ಸ್ಟೋಕ್ಸ್. ಮೊದಲ ಎರಡು ಪುಸ್ತಕಗಳ ಕಥೆಯಷ್ಟೇ ಅದರಲ್ಲಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಮುಂದುವರಿಸುವುದಿಲ್ಲ ಎಂಬ ಸುದ್ದಿ ಬಂದಾಗ ನಿಜವಾಗಿ ದುಃಖವಾಯಿತು. ಮೂರನೆಯ ಪುಸ್ತಕವನ್ನು ಆ ದುಃಖದಲ್ಲೇ ಕೈಗೆತ್ತಿಕೊಂಡೆ.

ಧಾರಾವಾಹಿಯಲ್ಲಿ ಲೂಸಿಯ ಗೆಳತಿ ನೋರಿ ದಿಗ್ಬಂಧನಕ್ಕೆ ಒಳಗಾಗಿ ಎಚ್ಚರವಿಲ್ಲದೆ ಮಲಗಿದ್ದಾಳೆ (ಪದಕೋಶ ಅವರ ಪದವನ್ನು ಈಗಲೇ ಬಳಸಿಬಿಟ್ಟೆ). ಲೂಸಿ ಅವಳಿಗಾಗಿ ಕ್ಯಾಸೆಟ್ಟಿನಲ್ಲಿ ಮಾತು ಮುದ್ರಿಸುತ್ತಾಳೆ. ಎಲ್ಲರ ಮಾತು ಕೇಳಿಸಿಕೊಳ್ಳುವ ಹುಡುಗಿಯ ಮಾತನ್ನು ಕೇಳಬೇಕಾದವಳಿಗೆ ಕೇಳಿಸುತ್ತಿಲ್ಲ. ಪುಸ್ತಕದ ಲೂಸಿ ತನ್ನ ಕಥೆಯನ್ನು ನೇರವಾಗಿ ನಮಗೇ ಹೇಳುತ್ತಾಳೆ, ನಾವೇ ಅವಳ ಕ್ಯಾಸೆಟ್ಟು ಕೇಳುವವರು ಎಂದು ನನಗೆ ಆಮೇಲೆ ಅನ್ನಿಸಿತು.

ಪುಸ್ತಕಗಳನ್ನು ಪ್ರಕಟವಾದ ಕ್ರಮದಲ್ಲಿಯೇ ಓದಿ ಎಂದು ಹೊಸಬರಿಗೆ ಹೇಳುತ್ತೇನೆ. ಮೆಟ್ಟಿಲ ಬಳಿಯ ಮುಚ್ಚಿದ ಕೋಣೆಯೊಂದಕ್ಕಾಗಿಯೇ ಹಾಗೆ ಓದಬೇಕು. ಮೊದಲ ಪುಸ್ತಕದಿಂದ ಲಾಕ್‌ವುಡ್ ಆ ಬಾಗಿಲ ಬಗ್ಗೆ ಮಾತೇ ಆಡುವುದಿಲ್ಲ. ಎರಡನೆಯದರ ಕೊನೆಯಲ್ಲಿ ತಾನಾಗಿಯೇ ತೆರೆದು ಲೂಸಿ ಮತ್ತು ಜಾರ್ಜ್‌ರನ್ನು ಒಳಗೆ ಕರೆಯುತ್ತಾನೆ. ಹಾಸಿಗೆಯ ಮೇಲೆ ಸಾವಿನ ಹೊಳಪು ಇನ್ನೂ ಉಳಿದಿದೆ. ಅದು ಅವನ ಅಕ್ಕ ಜೆಸಿಕಾಳ ಕೋಣೆ.

ಉಪ್ಪು-ಕಬ್ಬಿಣ

ಆ ಕೋಣೆಯ ವಿಷಯ ತೆಗೆದಿರಿ, ಹಾಗಾಗಿ ಲಾಕ್‌ವುಡ್‌ನ ಪರವಾಗಿ ಒಂದಿಷ್ಟು ಹೇಳಲೇಬೇಕು. ಲೂಸಿಯ ಕಿವಿಯನ್ನು ಕೊಂಡಾಡುವ ಭರದಲ್ಲಿ ಅವನನ್ನು ಬರೀ ಕತ್ತಿವೀರನೆಂದು ಬದಿಗೆ ಸರಿಸಿದರೆ ಅನ್ಯಾಯವಾಗುತ್ತದೆ. ಅವನ ಆ ಪ್ರಸಿದ್ಧ ನಗು, ಬಿಗಿಯಾದ ಸೂಟು, ಅಪಾಯದ ಕಡೆಗೇ ನಡೆದುಹೋಗುವ ಉತ್ಸಾಹ, ಇವೆಲ್ಲದರ ಹಿಂದೆ ಆ ಮಂಚ ಇದೆ. ಅಕ್ಕ ಪೆಟ್ಟಿಗೆಯೊಂದನ್ನು ಬಿಚ್ಚುತ್ತಿದ್ದಾಗ ಪ್ರೇತ ಹೊರಬಂತು, ಚಿಕ್ಕ ಹುಡುಗನಾಗಿದ್ದ ಇವನು ಸಕಾಲಕ್ಕೆ ತಲುಪಲಿಲ್ಲ. ಅಂದಿನಿಂದ ಅವನಿಗೆ ಪ್ರೇತಗಳೆಂದರೆ ದ್ವೇಷ. ಕರುಣೆ ತೋರಿಸು ಎಂದು ಅವನಿಗೆ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಇಷ್ಟಾದರೂ ನಾಲ್ಕನೆಯ ಪುಸ್ತಕದಲ್ಲಿ ಅವನು ಲೂಸಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬುರುಡೆ ಕಳುವಾದಾಗ ಅದನ್ನು ಹುಡುಕಲೂ ಹೊರಡುತ್ತಾನೆ. ಅಂಥವನು ಒಂದು ಪ್ರೇತದ ಭರಣಿಗಾಗಿ ಜೀವ ಪಣಕ್ಕಿಡುವುದು ಲೂಸಿಯ ಮೇಲಿನ ನಂಬಿಕೆಯಿಂದ. ಅವನಿಗೆ ಬುರುಡೆಯ ಒಂದು ಮಾತೂ ಕೇಳಿಸುವುದಿಲ್ಲ. ಕೇಳಿಸುತ್ತದೆ ಎನ್ನುವವಳನ್ನು ಅವನು ನಂಬುತ್ತಾನೆ. ಜೇಕಬ್ಸ್ ಮಾಡದೆ ಹೋದದ್ದು ಇದನ್ನೇ.

ರಾತ್ರಿದೀಪ

ಇದು ನನಗೆ ಹೊಳೆದಿರಲಿಲ್ಲ. ಜೇಕಬ್ಸ್‌ನನ್ನೂ ಲಾಕ್‌ವುಡ್‌ನನ್ನೂ ಹೀಗೆ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನಾಲ್ಕನೆಯ ಪುಸ್ತಕವನ್ನು ಮತ್ತೆ ತೆರೆಯಬೇಕು ಅನ್ನಿಸುತ್ತಿದೆ.

ಆ ಪುಸ್ತಕದ ಹಳ್ಳಿ ಆಲ್ಡ್‌ಬರಿ ಕ್ಯಾಸಲ್‌ಗೆ ಬರುತ್ತೇನೆ. ಅಲ್ಲಿ ಮನೆಮನೆಗೂ ಪ್ರೇತಗಳು, ಅವುಗಳ ನಡುವೆ ನಡೆಯುವ ಒಂದು ದೊಡ್ಡ ಕರಿನೆರಳು. ಅದು ಹಾದುಹೋದಲ್ಲಿ ಸತ್ತವರು ಎದ್ದು ಬರುತ್ತಾರೆ. ಊರಿಗೆ ಊರೇ ಅದನ್ನು ಪ್ರೇತರಾಜನೆಂದು ನಂಬಿದೆ. ಲೂಸಿ ಮತ್ತು ಲಾಕ್‌ವುಡ್ ಕಬ್ಬಿಣದ ವೃತ್ತ ದಾಟಿ ಸತ್ತವರ ಕಡೆಗೆ ಕಾಲಿಟ್ಟಾಗ ನಿಜ ತಿಳಿಯುತ್ತದೆ. ಆ ನೆರಳು ಕಬ್ಬಿಣದ ಕವಚ ತೊಟ್ಟ ಬದುಕಿರುವ ಮನುಷ್ಯ! ಸತ್ತವರ ನಾಡಿನಲ್ಲಿ ಅವನು ತಿರುಗಾಡುವುದರಿಂದಲೇ ಅವರು ಕಂಗೆಟ್ಟು ಏಳುತ್ತಿದ್ದಾರೆ.

ಅಲ್ಲಿಂದ ಕೊನೆಯ ಪುಸ್ತಕದವರೆಗೆ ಒಂದೇ ಗೆರೆ. ಐವತ್ತು ವರ್ಷದ ಕಾಟ ಶುರುವಾದದ್ದೂ ಬದುಕಿರುವವರು ಆ ಕಡೆಗೆ ನುಗ್ಗಿ ಅಲ್ಲಿಯದನ್ನು ದೋಚಿದ್ದರಿಂದ. ಮಕ್ಕಳನ್ನು ರಾತ್ರಿಗೆ ಕಳುಹಿಸಿದವರಿಗೆ, ಊರನ್ನು ಕಾಪಾಡಿದವಳೆಂದು ಎಲ್ಲರೂ ಪೂಜಿಸುವ ಮರಿಸಾಳಿಗೆ, ಇದು ಗೊತ್ತಿತ್ತು. ಅವಳೂ ಲೂಸಿಯ ಹಾಗೆ ಸತ್ತವರ ಮಾತು ಕೇಳಬಲ್ಲವಳಾಗಿದ್ದಳು. ಕೇಳಿಸಿಕೊಂಡು ತನ್ನ ಯೌವನ ಉಳಿಸಿಕೊಳ್ಳಲು ಬಳಸಿದಳು. ಒಂದೇ ಶಕ್ತಿ, ಇಬ್ಬರು ಹುಡುಗಿಯರು. ಇದನ್ನು ಎಳೆಯರಿಗೆ ಬರೆದ ಸಾಹಸ ಕಥೆಯೊಳಗೆ ಐದು ಪುಸ್ತಕದುದ್ದಕ್ಕೂ ಬಚ್ಚಿಟ್ಟು ಬೆಳೆಸಿದ ಸ್ಟ್ರೌಡ್ ಅವರಿಗೆ ನಾನು ಮನಸಾರೆ ಋಣಿ.

ಹಳೆಯ ಕಾವಲುಗಾರ

ಎಲ್ಲವನ್ನೂ ಓದಿದೆ. ಒಬ್ಬನ ಹೆಸರು ಬಿಟ್ಟುಹೋಗಿದೆ: ಕ್ವಿಲ್ ಕಿಪ್ಸ್.

ಮೊದಲು ಅವನು ಫಿಟ್ಸ್ ಸಂಸ್ಥೆಯ ಕಡೆಯ ಬರೀ ಎದುರಾಳಿ. ಎರಡನೆಯ ಪುಸ್ತಕದಲ್ಲಿ ಸೋತವರು ಗೆದ್ದವರನ್ನು ಹೊಗಳಿ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು ಎಂದು ಲಾಕ್‌ವುಡ್ ಜೊತೆ ಪಂದ್ಯ ಕಟ್ಟುತ್ತಾನೆ. ಅವನು ನನಗೆ ಹತ್ತಿರವಾದದ್ದು ಆಮೇಲೆ, ವಯಸ್ಸಾಗಿ ಅವನ ಶಕ್ತಿ ಅಳಿದ ಮೇಲೆ. ಹುಡುಗನಾಗಿದ್ದಾಗಿನಿಂದ ಅದೊಂದೇ ಕೆಲಸ ಗೊತ್ತಿದ್ದವನು, ಇಪ್ಪತ್ತರ ಆಸುಪಾಸಿನಲ್ಲೇ ಕತ್ತಲಲ್ಲಿ ಏನೂ ಕಾಣದವನಾಗುತ್ತಾನೆ. ವಿಶೇಷವಾದ ಕನ್ನಡಕವೊಂದು ಸಿಕ್ಕಿ ಅದನ್ನು ಹಾಕಿಕೊಂಡಾಗ ಪ್ರೇತಗಳು ಮತ್ತೆ ಕಾಣಿಸುತ್ತವೆ. ಭಯಾನಕವಾದದ್ದು ಮರಳಿ ಕಾಣಿಸಿತೆಂದು ಒಬ್ಬ ಮನುಷ್ಯ ಸಂತೋಷಪಡುವುದನ್ನು ನಾನು ಬೇರೆಲ್ಲೂ ಓದಿಲ್ಲ.

ನನಗೆ ವಯಸ್ಸಾಗಿದೆ. ಈ ಪುಸ್ತಕಗಳನ್ನು ನನಗಾಗಿ ಬರೆದಿಲ್ಲ ಎಂದು ಗೊತ್ತು. ಕಿಪ್ಸ್‌ನ ಆ ಕನ್ನಡಕ ಹಾಕಿಕೊಂಡು ಓದುತ್ತೇನೆ.

ಮಲಗುವ ಹೊತ್ತಿನ ಓದು

ಇಲ್ಲಿ ಬರೆದ ಮೇಲೆ ನಾವು ಐದನೆಯ ಪುಸ್ತಕಕ್ಕೆ ಬಂದಿದ್ದೇವೆ. ನಿನ್ನೆ ಲಾಕ್‌ವುಡ್ ಲೂಸಿಯನ್ನು ಸ್ಮಶಾನಕ್ಕೆ ಕರೆದೊಯ್ಯುವ ಭಾಗ. ಅಪ್ಪ, ಅಮ್ಮ, ಅಕ್ಕನ ಸಮಾಧಿಗಳಿವೆ. ಅವುಗಳ ಪಕ್ಕದಲ್ಲಿ ಒಂದು ಖಾಲಿ ಜಾಗ, ಅದು ತನ್ನದು ಎಂದು ಅವನು ಹೇಳುತ್ತಾನೆ. ಓದುವ ಸರದಿ ನನ್ನದಿತ್ತು. ದನಿ ನಡುಗಿ ನಿಲ್ಲಿಸಿದೆ.

ಮಗಳು ಏನೂ ಕೇಳದೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾನು ನಿಲ್ಲಿಸಿದ ಸಾಲಿನಿಂದ ತಾನೇ ಓದಿದಳು. ಆ ಅಧ್ಯಾಯ ಮುಗಿಯುವವರೆಗೆ ಅವಳೇ ಓದಿದಳು, ನಾನು ಕೇಳಿಸಿಕೊಂಡೆ.